ಮುಪ್ಪಿನ ರೊಕ್ಕದಲ್ಲಿ ಮೊದಲ ಮನೆ

ದುಂಡಸಿಯಂಥ ಹೋಬಳಿ ಊರಿನಿಂದ ಹೊರಟು, ಹುಬ್ಬಳ್ಳಿಯ ಬಿವಿಬಿಯಲ್ಲೋ ಧಾರವಾಡದ ಎಸ್‌ಡಿಎಂನಲ್ಲೋ ಬಿ.ಇ. ಮುಗಿಸಿ, ಬೆಂಗಳೂರಿನ ಮೂಲಕ ಅಮೆರಿಕ ಸೇರಿದ ಹುಡುಗರಿಗೆ ಊರಿನಿಂದ ತಪ್ಪದೆ ಬರುವ ಸಲಹೆಯೊಂದಿದೆ: "ಅಲ್ಲಿ ಸುಮ್ನ ಬಿದ್ದ ರೊಕ್ಕ ತಗದು ಇಲ್ಲೊಂದು ಮನಿ ಮಾಡ್ಕೊ ತಮ್ಮಾ." ಅಲ್ಲಿ ಬಿದ್ದಿರುವ ರೊಕ್ಕ ಎಂದರೆ 401(ಕೆ) ಎಂಬ ನಿವೃತ್ತಿ ಖಾತೆ. ಸಂಬಳದಲ್ಲಿ ಒಂದು ಪಾಲು ಮುರಿದು, ಬಹಳಷ್ಟು ಕಂಪನಿಗಳಲ್ಲಿ ಮಾಲೀಕರ ಪಾಲೂ ಸೇರಿ, ತೆರಿಗೆಯನ್ನು ಮುಂದಕ್ಕೆ ಹಾಕಿ ಕೂಡಿಡುವ ಗಂಟು ಅದು. ಊರಿನ ಹಿರಿಯರಷ್ಟೇ ಅಲ್ಲ, ಎಂಟು ಹತ್ತು ವರ್ಷ ದುಡಿದು ವಾಪಸಾಗುವ ಯೋಚನೆಯಲ್ಲಿರುವ ಹುಡುಗರೂ ಈ ಮಾತನ್ನು ನಂಬುತ್ತಾರೆ. ನಂಬಿಕೆಯೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಗಂಟುಬಿದ್ದಿವೆ: ಮನೆ ಬೇಕೆ, ಈಗಲೇ ಬೇಕೆ, ಯಾವ ಹಣದಲ್ಲಿ ಬೇಕು. ಮೊದಲನೆಯದಕ್ಕೆ ಹೌದು ಎಂದವರು ಮೂರಕ್ಕೂ ಹೌದು ಎಂದಂತೆ ನಡೆದುಕೊಳ್ಳುತ್ತಾರೆ. ನನ್ನ ತಕರಾರು ಮೂರನೆಯದರ ಮೇಲೆ.

ತಕರಾರಿಗೆ ಮುನ್ನ ಆ ನಂಬಿಕೆಯ ಬಲವನ್ನು ಒಪ್ಪಬೇಕು. ಶಿಗ್ಗಾವಿ, ಸವಣೂರು, ಹಾನಗಲ್ಲ ಸೀಮೆಯಲ್ಲಿ ಮಳೆ ನಂಬಿ ಗೋವಿನಜೋಳ, ಹತ್ತಿ ಬೆಳೆಯುವ ಮನೆತನಗಳಿಗೆ ತಿಂಗಳ ಪಿಂಚಣಿ ಎಂಬುದು ಕಂಡು ಕೇಳಿದ್ದಾಗಿರಲಿಲ್ಲ. ಕೈಗೆ ಬಂದ ರೊಕ್ಕ ಮದುವೆಗೆ, ದವಾಖಾನೆಗೆ, ಬೀಜ ಗೊಬ್ಬರಕ್ಕೆ ಕರಗುತ್ತಿತ್ತು. ಕರಗದೆ ಉಳಿದದ್ದು ಹೊಲ, ಮನೆ, ಒಂದಿಷ್ಟು ಬಂಗಾರ. ಬ್ಯಾಂಕಿನಲ್ಲಿಟ್ಟ ಹಣದ ಬೆಲೆ ವರ್ಷ ವರ್ಷಕ್ಕೂ ಇಳಿದದ್ದನ್ನು, ಹುಬ್ಬಳ್ಳಿಯ ಹೊರವಲಯದ ಎನ್.ಎ. (ಕೃಷಿಯೇತರ) ಪ್ಲಾಟು ಹತ್ತಾರು ಪಟ್ಟು ಏರಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅಮೆರಿಕದ ಷೇರುಪೇಟೆ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅರ್ಧಕ್ಕೂ ಹೆಚ್ಚು ಕುಸಿದದ್ದೂ ಸುಳ್ಳಲ್ಲ. ಬಾಡಿಗೆ ಕಟ್ಟುವುದು ನೀರಿನಲ್ಲಿ ಹೋಮ ಮಾಡಿದಂತೆ, ಸ್ವಂತ ಸೂರು ಇದ್ದವನಿಗೆ ಮುಪ್ಪಿನಲ್ಲಿ ಭಯವಿಲ್ಲ, ಮನೆಯೇ ಪಿಂಚಣಿ ಎನ್ನುವ ತೀರ್ಮಾನ ಇಂಥ ಅನುಭವದಿಂದ ಹುಟ್ಟಿದ್ದು. ಅನುಭವ ನಿಜ. ಅದರಿಂದ ಎಳೆದ ತೀರ್ಮಾನದಲ್ಲಿ ತೊಡಕಿದೆ.

ಈ ಭಾಗದಲ್ಲಿ ಮನೆಕಟ್ಟಿ ನೆಮ್ಮದಿಯಾಗಿ ಮುಪ್ಪು ಕಳೆದವರೆಂದು ಎಲ್ಲರೂ ಬೊಟ್ಟುಮಾಡಿ ತೋರಿಸುವುದು ಕನ್ನಡ ಶಾಲೆಯ ನಿವೃತ್ತ ಮಾಸ್ತರರನ್ನು. ಸೇವೆಯಲ್ಲಿದ್ದಾಗಲೇ ಜಿಪಿಎಫ್ ಭವಿಷ್ಯನಿಧಿಯಿಂದ ಹಣ ತೆಗೆದು ಪಾಯ ಹಾಕಿದರು, ಗ್ರಾಚ್ಯುಟಿ ಬಂದಾಗ ಸ್ಲ್ಯಾಬು ಮುಗಿಸಿದರು, ಪಿಂಚಣಿಯ ಒಂದು ಭಾಗವನ್ನು ಮುಂಗಡವಾಗಿ ಪಡೆದು ಮಗಳ ಮದುವೆ ಮಾಡಿದರು. ಹುಡುಗ ನೋಡುವುದು ಇಷ್ಟನ್ನು, ಮತ್ತು ನಿವೃತ್ತಿಯ ಹಣ ತೆಗೆದು ಮನೆ ಕಟ್ಟುವುದು ನಮ್ಮಲ್ಲಿ ಪರೀಕ್ಷಿಸಿ ಗೆದ್ದ ದಾರಿ ಎಂದುಕೊಳ್ಳುತ್ತಾನೆ. ಆದರೆ ಅದೇ ಮಾಸ್ತರರಿಗೆ ತಿಂಗಳ ಮೊದಲ ವಾರ ಬ್ಯಾಂಕಿಗೆ ಪಿಂಚಣಿ ಬೀಳುತ್ತದೆ. ತುಟ್ಟಿಭತ್ಯೆ ಏರಿದಾಗಲೆಲ್ಲ ಅದೂ ಏರುತ್ತದೆ, ಅವರು ಹೋದ ಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ ಇದೆ. ಅವರು ಮನೆಗೆ ಹಾಕಿದ್ದು ಪಿಂಚಣಿಯ ಮೇಲಿನ ಹೆಚ್ಚುವರಿಯನ್ನು, ಅನ್ನದ ಮೂಲವನ್ನಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದವರು ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಗೆ ಒಳಪಟ್ಟಾಗ ನೌಕರರು ಹಳೆಯ ಪಿಂಚಣಿಗಾಗಿ ವರ್ಷಗಟ್ಟಲೆ ಹೋರಾಡಿದ್ದೇಕೆ? ಅವರಲ್ಲಿ ಸ್ವಂತ ಮನೆ ಇದ್ದವರೂ ಇದ್ದರಲ್ಲ! ಮನೆಯೇ ಪಿಂಚಣಿಯಾಗಿದ್ದರೆ ಆ ಹೋರಾಟಕ್ಕೆ ಅರ್ಥವೇ ಇರುತ್ತಿರಲಿಲ್ಲ. ಒಕ್ಕಲುತನದ ಮನೆಗಳ ಮಾತೂ ಇಷ್ಟೇ. ಮುದುಕರನ್ನು ಸಾಕಿದ್ದು ಮನೆಯ ಗೋಡೆಗಳಲ್ಲ, ಆ ಮನೆಯಲ್ಲೇ ಇದ್ದು ಹೊಲ ಉತ್ತ ಮಕ್ಕಳು, ಗಂಜಿ ಕಾಸಿಕೊಟ್ಟ ಸೊಸೆಯಂದಿರು. ಡಲ್ಲಾಸಿನಲ್ಲಿರುವ ಮಗನಿಗೆ ಆ ಪಿಂಚಣಿಯೂ ಇಲ್ಲ, ಹೊಲ ಉಳುವ ಮಕ್ಕಳೂ ಇರಲಾರರು. ಮಾಸ್ತರರ ಪಿಂಚಣಿಯ ಜಾಗದಲ್ಲಿ ಅವನಿಗಿರುವುದು ಆ 401(ಕೆ) ಒಂದೇ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿಗೆ ತೆರಿಗೆ ಕಟ್ಟುತ್ತಾನೆ ನಿಜ, ಆದರೆ 40 ತ್ರೈಮಾಸಿಕ ಅಂಕ, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ತುಂಬದೆ ಅದರ ಪಿಂಚಣಿ ಸಿಗದು. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದವಿಲ್ಲದ ಕಾರಣ ಇಲ್ಲಿನ ಸೇವೆಯನ್ನು ಅಲ್ಲಿಗೆ ಕೂಡಿಸಲೂ ಬಾರದು. ಮಾಸ್ತರರ ಮನೆಯನ್ನು ಅನುಕರಿಸಿ ಅವರ ಪಿಂಚಣಿಯನ್ನು ಬಿಟ್ಟರೆ ಅರ್ಧ ಪಾಠ ಕಲಿತಂತೆ.

ಇನ್ನು "ಸುಮ್ನ ಬಿದ್ದ ರೊಕ್ಕ" ಎಂಬ ಮಾತು. ಖಾತೆಯಲ್ಲಿ ಕಾಣುವ ಮೊತ್ತದಲ್ಲಿ ಸರಕಾರದ ಪಾಲೊಂದು ಅಡಗಿದೆ. ಹಣ ಹಾಕುವಾಗ ತೆರಿಗೆ ಮಾಫಿಯಾಗಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೆ. ಆ ಪಾಲು ಎಷ್ಟು ಎಂಬುದು ನಾವು ಯಾವಾಗ, ಯಾವ ಆದಾಯದ ವರ್ಷದಲ್ಲಿ ತೆಗೆಯುತ್ತೇವೆ ಎಂಬುದರ ಮೇಲೆ ನಿಂತಿದೆ. ಐವತ್ತೊಂಬತ್ತೂವರೆ ವರ್ಷ ತುಂಬುವ ಮುನ್ನ ತೆಗೆದರೆ ಶೇ 10 ದಂಡ ಎಂಬುದು ಎಲ್ಲರಿಗೂ ಗೊತ್ತು. ಆ ಹತ್ತನ್ನೇ ಪೂರ್ತಿ ಬೆಲೆ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಕ್ಯಾಲಿಫೋರ್ನಿಯಾದಲ್ಲಿ ಒಳ್ಳೆಯ ಸಂಬಳದ ಒಬ್ಬಂಟಿ ಎಂಜಿನಿಯರ್ ಕೆಲಸ ಬದಲಿಸುವಾಗ 60,000 ಡಾಲರ್ ತೆಗೆದನೆಂದು ಇಟ್ಟುಕೊಳ್ಳೋಣ. ಲೆಕ್ಕ ಹೀಗೆ ಇಳಿಯುತ್ತದೆ:

1. ಸಂಬಳದ ಮೇಲೆ ಸೇರುವ ಈ ಮೊತ್ತಕ್ಕೆ ಫೆಡರಲ್ ಆದಾಯ ತೆರಿಗೆ, ಶೇ 24ರ ಹಂತದಲ್ಲಿ, 14,400 ಡಾಲರ್.

2. ಅವಧಿಗೆ ಮುನ್ನ ತೆಗೆದದ್ದಕ್ಕೆ ಫೆಡರಲ್ ದಂಡ 6,000.

3. ರಾಜ್ಯದ ಆದಾಯ ತೆರಿಗೆ ಶೇ 9.3ರಂತೆ 5,580, ರಾಜ್ಯದ್ದೇ ಪ್ರತ್ಯೇಕ ದಂಡ ಶೇ 2.5ರಂತೆ 1,500.

ಒಟ್ಟು 27,480 ಹೋಗಿ ಕೈಗೆ ಉಳಿಯುವುದು 32,520. ಡಾಲರಿಗೆ 88 ರೂಪಾಯಿ ಹಿಡಿದರೆ ಸುಮಾರು 52.8 ಲಕ್ಷದ ಗಂಟು 28.6 ಲಕ್ಷವಾಗುತ್ತದೆ. ರಾಜ್ಯದ ಆದಾಯ ತೆರಿಗೆಯೇ ಇಲ್ಲದ ಟೆಕ್ಸಾಸಿನಲ್ಲಿ 39,600 ಉಳಿದೀತು. ಇದರೊಳಗೆ ಇನ್ನೊಂದು ಮೋಸದ ಜಾಗವಿದೆ. ಕೆಲಸ ಬಿಟ್ಟು ಗಂಟು ತೆಗೆದಾಗ ಫೆಡರಲ್ ತೆರಿಗೆಯ ಬಾಬ್ತು ಶೇ 20 ಮಾತ್ರ ಮುರಿದುಕೊಂಡು 48,000ದ ಚೆಕ್ಕು ಬರಬಹುದು. ತೆರಿಗೆಯೆಲ್ಲ ಅಲ್ಲಿಗೆ ಮುಗಿಯಿತೆಂದು ಕ್ಯಾಲಿಫೋರ್ನಿಯಾದ ಆ ಹುಡುಗ ಅಷ್ಟನ್ನೂ ಊರಿಗೆ ಕಳಿಸುತ್ತಾನೆ, ಅದು ಸಿಮೆಂಟು ಕಬ್ಬಿಣವಾಗುತ್ತದೆ. ಮುಂದಿನ ಏಪ್ರಿಲ್ 15ರೊಳಗೆ ರಿಟರ್ನ್ ತುಂಬುವಾಗ ಇನ್ನೂ 15,480 ಡಾಲರ್ ಕಟ್ಟಬೇಕೆಂದು ತಿಳಿಯುತ್ತದೆ. ಆಗ ಕ್ರೆಡಿಟ್ ಕಾರ್ಡಿನ ಸಾಲವೇ ಗತಿಯಾಗಬಹುದು.

ನ್ಯಾಯವಾಗಿ ನೋಡಿದರೆ ಈ ಹೋಲಿಕೆಯಲ್ಲೂ ಒಂದು ಪಕ್ಷಪಾತ ಇದೆ, ಅದನ್ನು ತಿದ್ದಬೇಕು. ಖಾತೆಯಲ್ಲೇ ಬಿಟ್ಟರೆ 60,000 ಪೂರ್ತಿ ಅವನದಾಗಿ ಉಳಿಯುವುದಿಲ್ಲ, ಮುಪ್ಪಿನಲ್ಲಿ ತೆಗೆದಾಗಲೂ ತೆರಿಗೆ ಇದ್ದೇ ಇದೆ. ಆಗ ಸಂಬಳವಿಲ್ಲದ ಕಾರಣ ಕೆಳಗಿನ ಹಂತದಲ್ಲಿ, ಸರಾಸರಿ ಶೇ 15 ಹೋಯಿತೆಂದು ಹಿಡಿಯೋಣ. ಆಗಿನ ಕೈಗಂಟು 51,000. ಹಾಗಿದ್ದರೆ ನಿಜವಾದ ಹೋಲಿಕೆ 51,000ಕ್ಕೂ 32,520ಕ್ಕೂ. ಮನೆಯ ಬೆಲೆ ಶೇ 57 ಏರಿದರೆ ಮಾತ್ರ ಆ ಅಂತರ ತುಂಬುತ್ತದೆ, ಅದೂ ಖಾತೆಯಲ್ಲಿನ ಹಣ ಅಷ್ಟು ಕಾಲ ಒಂದು ಪೈಸೆಯೂ ಬೆಳೆಯದಿದ್ದರೆ. ಅದರ ಮೇಲೆ ಕರ್ನಾಟಕದ ಶೇ 5 ಮುದ್ರಾಂಕ ಶುಲ್ಕ, ಸೆಸ್ಸು, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ. ಹುಬ್ಬಳ್ಳಿಯ ಪ್ಲಾಟು ಎಷ್ಟು ಏರೀತು ಎಂದು ವಾದಿಸುವವರು ಮೊದಲು ಈ ಕುಳಿ ಎಷ್ಟು ವರ್ಷದಲ್ಲಿ ತುಂಬುತ್ತದೆ ಎಂದು ಹೇಳಬೇಕು.

"ಮೊದಲ ಮನೆಗಾದರೆ ದಂಡ ಮಾಫಿ ಅಂತಲ್ಲ" ಎನ್ನುವವರಿದ್ದಾರೆ. ಅರ್ಧ ಸತ್ಯ. 1997ರ ಕಾನೂನಿನಿಂದ ಬಂದ ಆ ವಿನಾಯಿತಿ ಐಆರ್‌ಎ ಎಂಬ ಇನ್ನೊಂದು ಬಗೆಯ ಖಾತೆಗೆ ಸೇರಿದ್ದು, 401(ಕೆ)ಗೆ ಅಲ್ಲ. ಜೀವಮಾನಕ್ಕೆ 10,000 ಡಾಲರ್ ಅದರ ಮಿತಿ, ಬೆಲೆಗಳು ಎಷ್ಟೇ ಏರಿದರೂ ಆ ಮಿತಿ ಅಲುಗಿಲ್ಲ. ದಂಡ ಮಾತ್ರ ಹೋಗುತ್ತದೆ, ಆದಾಯ ತೆರಿಗೆ ಹೋಗುವುದಿಲ್ಲ. 401(ಕೆ)ಯಿಂದ ಮನೆ ಕೊಳ್ಳಲೆಂದು ಕಷ್ಟಕಾಲದ ಹಿಂಪಡೆತಕ್ಕೆ ಅವಕಾಶ ಕೆಲವು ಕಂಪನಿಗಳಲ್ಲಿದೆ, ಅಲ್ಲಿಯೂ ಅವಕಾಶವಿದೆ ಎಂದ ಮಾತ್ರಕ್ಕೆ ದಂಡವಿಲ್ಲ ಎಂದಲ್ಲ.

ಈ ನಂಬಿಕೆಗೆ ಸಿಗುವ ಅತಿ ಗಟ್ಟಿ ಸಾಕ್ಷಿ ಸಿಂಗಪುರದ್ದು, ಅದನ್ನು ಹಗುರಾಗಿ ತೆಗೆದುಕೊಳ್ಳಲಾಗದು. ಅಲ್ಲಿ 1955ರಲ್ಲಿ ಶುರುವಾದ ಸಿಪಿಎಫ್ ನಿವೃತ್ತಿ ನಿಧಿಯ ಹಣವನ್ನು 1968ರಿಂದ ಸರಕಾರವೇ ಮನೆ ಕೊಳ್ಳಲು ಬಿಟ್ಟಿತು, ಸ್ವಂತ ಮನೆಯವರ ದೇಶವಾಗಿ ಸಿಂಗಪುರ ಬೆಳೆದದ್ದು ಹಾಗೆ. ಒಂದು ಇಡೀ ದೇಶ ಮುಪ್ಪಿನ ಹಣದಲ್ಲಿ ಮನೆ ಕೊಂಡು ಗೆದ್ದಿರುವಾಗ ನಮ್ಮ ಹುಡುಗನನ್ನು ತಡೆಯುವುದೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಆ ವ್ಯವಸ್ಥೆಯ ಒಳಗಿನ ನಿಯಮದಲ್ಲೇ ಇದೆ. ಮನೆ ಮಾರಿದ ದಿನ, ತೆಗೆದ ಅಸಲನ್ನೂ ಅದು ಖಾತೆಯಲ್ಲೇ ಇದ್ದಿದ್ದರೆ ಗಳಿಸುತ್ತಿದ್ದ ಶೇ 2.5ರ ಬಡ್ಡಿಯನ್ನೂ ಮಾರಿದವರು ಖಾತೆಗೆ ಮರಳಿ ತುಂಬಬೇಕು. ಕೆನಡಾದಲ್ಲೂ ಆರ್‌ಆರ್‌ಎಸ್‌ಪಿ ನಿವೃತ್ತಿ ಖಾತೆಯಿಂದ ಮೊದಲ ಮನೆಗಾಗಿ 60,000 ಕೆನಡಾ ಡಾಲರ್ ತನಕ ತೆರಿಗೆಯಿಲ್ಲದೆ ತೆಗೆಯಬಹುದು, ಆದರೆ 15 ವರ್ಷಗಳ ಕಂತಿನಲ್ಲಿ ಮರಳಿ ಕಟ್ಟಬೇಕು, ಕಟ್ಟದ ಕಂತು ಆ ವರ್ಷದ ಆದಾಯಕ್ಕೆ ಸೇರುತ್ತದೆ. ಅಂದರೆ ಮುಪ್ಪಿನ ಹಣವನ್ನು ಮನೆಗೆ ಬಿಟ್ಟ ಈ ಎರಡೂ ದೇಶಗಳು ಅದನ್ನು ಕಡ ಎಂದು ಬರೆದುಕೊಂಡವು. ನಾಳಿನ ಮುದುಕನಿಂದ ಇಂದಿನ ದುಡಿಮೆಗಾರ ತೆಗೆದ ಕೈಗಡ ಅದು. 401(ಕೆ)ಯಲ್ಲೂ ಈ ದಾರಿ ಇದೆ: ಸ್ವಂತದ್ದಾದ ಮೊತ್ತದ ಅರ್ಧ ಅಥವಾ 50,000 ಡಾಲರ್, ಯಾವುದು ಕಡಿಮೆಯೋ ಅಷ್ಟನ್ನು, ಕಂಪನಿಯ ಯೋಜನೆ ಒಪ್ಪಿದರೆ, ಸಾಲವಾಗಿ ತೆಗೆದು ಐದು ವರ್ಷದಲ್ಲಿ ತೀರಿಸಬಹುದು, ತಾನೇ ವಾಸಿಸುವ ಮನೆಗಾದರೆ ಇನ್ನೂ ಹೆಚ್ಚು ಕಾಲ. ಬಡ್ಡಿಯೂ ತನ್ನ ಖಾತೆಗೇ ಸೇರುತ್ತದೆ. ಇದಕ್ಕೂ ಅಪಾಯವಿದೆ. ನೌಕರಿ ಹೋದರೆ ಉಳಿದ ಸಾಲವನ್ನು ಆ ವರ್ಷದ ತೆರಿಗೆ ರಿಟರ್ನಿನ ಗಡುವಿನೊಳಗೆ ತುಂಬದಿದ್ದರೆ ಅದು ಹಿಂಪಡೆತವೆಂದೇ ಎಣಿಕೆಯಾಗಿ ತೆರಿಗೆ ದಂಡ ಎರಡೂ ಬೀಳುತ್ತವೆ. ಕೆಲಸ ಹೋದ 60 ದಿನದಲ್ಲಿ ಇನ್ನೊಂದು ಹುಡುಕಬೇಕಾದ ಎಚ್-1ಬಿ ವೀಸಾದವನಿಗೆ ಈ ಅಪಾಯ ದೊಡ್ಡದೇ.

ವೀಸಾದ ಮಾತು ಬಂದಿತು. ನಂಬಿಕೆಯ ಹಿಂದಿನ ನಿಜವಾದ ಭಯ ಅದು: "ನಾಳೆ ಹೊರಗ ಹಾಕಿದ್ರ ಆ ರೊಕ್ಕ ಯಾರ ಪಾಲು?" ಉತ್ತರ ಸ್ಪಷ್ಟ, ಅವನದೇ ಪಾಲು. ಅವನು ಹಾಕಿದ ಹಣ ಮೊದಲ ದಿನದಿಂದ ಅವನದು, ಕಂಪನಿಯ ಪಾಲು ಯೋಜನೆಯ ನಿಯಮದಂತೆ ಕೆಲವು ವರ್ಷದ ಸೇವೆಯಲ್ಲಿ ಅವನದಾಗುತ್ತದೆ. ವೀಸಾ ಮುಗಿದರೂ ಖಾತೆ ಮುಗಿಯುವುದಿಲ್ಲ. ಮೊತ್ತ 7,000 ಡಾಲರ್ ಮೀರಿದ್ದರೆ ಹಳೆಯ ಕಂಪನಿ ಅವನನ್ನು ಯೋಜನೆಯಿಂದ ಹೊರದಬ್ಬುವಂತಿಲ್ಲ, ಬೇಕಾದರೆ ನೇರವಾಗಿ ಐಆರ್‌ಎಗೆ ವರ್ಗಾಯಿಸಿಕೊಳ್ಳಬಹುದು, ಅದಕ್ಕೆ ತೆರಿಗೆಯಿಲ್ಲ. ಭಾರತಕ್ಕೆ ಮರಳಿದ ಮೇಲೆ ಇಲ್ಲಿ ಪ್ರತಿವರ್ಷ ಅದರ ಬೆಳವಣಿಗೆಗೆ ತೆರಿಗೆ ಕಟ್ಟಬೇಕಾದೀತೆಂಬ ಚಿಂತೆಗೂ ಪರಿಹಾರ ಬಂದಿದೆ. 2021ರ ಹಣಕಾಸು ಕಾಯ್ದೆ ತಂದ ನಿಯಮದಂತೆ ಅಮೆರಿಕ, ಬ್ರಿಟನ್, ಕೆನಡಾದ ನಿವೃತ್ತಿ ಖಾತೆಗಳ ಆದಾಯಕ್ಕೆ, ಅರ್ಜಿ ಸಲ್ಲಿಸಿ ಆಯ್ಕೆ ಮಾಡಿಕೊಂಡವರು, ಹಣ ತೆಗೆದ ವರ್ಷದಲ್ಲೇ ತೆರಿಗೆ ಕಟ್ಟಿದರಾಯಿತು. ರೂಪಾಯಿಯ ಇತಿಹಾಸವೂ ಆತುರಕ್ಕೆ ವಿರುದ್ಧವೇ ಇದೆ. 1991ರ ಅಪಮೌಲ್ಯಕ್ಕೆ ಮುನ್ನ ಡಾಲರಿಗೆ 21 ರೂಪಾಯಿಯ ಆಸುಪಾಸು ಇದ್ದದ್ದು 2000ದಲ್ಲಿ 45ರ ಹತ್ತಿರ ಹೋಯಿತು, 2024ರ ಡಿಸೆಂಬರ್‌ನಲ್ಲಿ 85 ದಾಟಿತು. ಡಾಲರಿನಲ್ಲಿ ಉಳಿಸಿದವನು ಬರಿ ಕೂತರೂ ರೂಪಾಯಿಯ ಲೆಕ್ಕದಲ್ಲಿ ಕಳೆದುಕೊಂಡಿಲ್ಲ.

ಆದರೆ ಹಣವನ್ನು ಅಲ್ಲೇ ಶಾಶ್ವತವಾಗಿ ಬಿಡಿ ಎಂದೂ ನಾನು ಹೇಳಲಾರೆ. ಅದಕ್ಕೆ ಕಾರಣ ಊರಿನಲ್ಲಿ ಯಾರೂ ಎತ್ತದ ಒಂದು ಆಕ್ಷೇಪ. ಅಮೆರಿಕದ ಪ್ರಜೆಯಲ್ಲದ, ಅಲ್ಲಿ ನೆಲೆಸದ ವ್ಯಕ್ತಿ ತೀರಿಕೊಂಡರೆ ಅವನು ಅಲ್ಲಿ ಬಿಟ್ಟ ಆಸ್ತಿಯಲ್ಲಿ 60,000 ಡಾಲರ್ ಮೀರಿದ್ದಕ್ಕೆ ಅಲ್ಲಿನ ಸರಕಾರ ಮರಣೋತ್ತರ ಆಸ್ತಿ ತೆರಿಗೆ ಹಾಕುತ್ತದೆ, ದರ ಗರಿಷ್ಠ ಶೇ 40. ಅಲ್ಲಿನ ಪ್ರಜೆಗಳಿಗೆ ಕೋಟಿಗಟ್ಟಲೆ ಡಾಲರಿನ ವಿನಾಯಿತಿ ಇದೆ, ನಮ್ಮವರಿಗೆ 60,000 ಮಾತ್ರ. ಭಾರತದಲ್ಲಿ ಇಂಥ ತೆರಿಗೆ 1985ರಲ್ಲೇ ಹೋಯಿತು, ಈ ಬಗ್ಗೆ ಎರಡೂ ದೇಶಗಳ ನಡುವೆ ಒಪ್ಪಂದವೂ ಇಲ್ಲ. ನಿವೃತ್ತಿ ಖಾತೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಊರಿಗೆ ಮರಳಿದವನ ಹೆಂಡತಿ ಮಕ್ಕಳ ದೃಷ್ಟಿಯಿಂದ ಇದು ತೂಕದ ಮಾತು, ಹಣವನ್ನು ಕ್ರಮೇಣ ಇತ್ತ ತರಲು ಒಳ್ಳೆಯ ಕಾರಣ. ಗಮನಿಸಬೇಕಾದದ್ದೆಂದರೆ, ಹಣವನ್ನು ತರಲು ಇರುವ ಈ ಕಾರಣ ಅದನ್ನು ಮನೆಗೆ ಹಾಕಲು ಕಾರಣವಾಗುವುದಿಲ್ಲ. ತಂದ ಹಣ ಇಲ್ಲಿಯೂ ಮುಪ್ಪಿನ ಹಣವಾಗಿಯೇ ಉಳಿಯಬಹುದು. ಅರವತ್ತು ದಾಟಿ ಇಲ್ಲಿ ನೆಲೆಸಿದವನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಮಿತಿಯಾದ 30 ಲಕ್ಷ ಇಟ್ಟರೆ, ಶೇ 8.2ರ ದರದಲ್ಲಿ ತಿಂಗಳಿಗೆ ಸರಾಸರಿ 20,500 ರೂಪಾಯಿ ಬರುತ್ತದೆ. ಅದೇ 30 ಲಕ್ಷದ ಮನೆಗೆ, ನಮ್ಮ ನಗರಗಳಲ್ಲಿ ಸಾಮಾನ್ಯವಾದ ಶೇ 3ರ ಆಸುಪಾಸಿನ ಬಾಡಿಗೆ ಹಿಡಿದರೆ, 7,500. ಬಾಡಿಗೆ ಕಾಲಕ್ಕೆ ತಕ್ಕಂತೆ ಏರುತ್ತದೆ, ಠೇವಣಿಯ ಬಡ್ಡಿ ಹಾಗೆ ಏರದು, ಇದು ಮನೆಯ ಪರವಾದ ನ್ಯಾಯವಾದ ಮಾತು. ಆದರೂ ಮಾತ್ರೆ ಕೊಳ್ಳಬೇಕಾದ ತಿಂಗಳಲ್ಲಿ ಮನೆಯ ಒಂದು ಕೋಣೆಯನ್ನಷ್ಟೇ ಮಾರಿ ಬರಲಾಗದು.

ಮನೆಯನ್ನೇ ಅಡವಿಟ್ಟು ಬ್ಯಾಂಕಿನಿಂದ ತಿಂಗಳ ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ 2007ರಿಂದ ಇದೆಯಲ್ಲ ಎನ್ನಬಹುದು. ಇದೆ, ಆದರೆ ಮನೆ ಸ್ವಯಾರ್ಜಿತವಾಗಿರಬೇಕು, ಹಕ್ಕುಪತ್ರ ನಿಚ್ಚಳವಾಗಿರಬೇಕು, ಸ್ವತಃ ಅಲ್ಲೇ ವಾಸಿಸಬೇಕು. ನಮ್ಮ ಹುಡುಗರು ಕಟ್ಟಿಸುವ ಮನೆಗಳು ಬಹುಪಾಲು ಎಲ್ಲಿ ನಿಲ್ಲುತ್ತವೆ ನೋಡಿ. ಒಂದು, ಅಪ್ಪನ ಹೆಸರಿನ ಜಾಗದಲ್ಲಿ, ಅದರ ವಾಟ್ನಿ, ಅಂದರೆ ಪಾಲುವಿಭಜನೆ, ಆಗಿರುವುದಿಲ್ಲ. ಅಮೆರಿಕದ ದುಡ್ಡು ಪೂರ್ತಿ ಒಬ್ಬನದು, ನೆಲದಲ್ಲಿ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಪಾಲು. 1994ರ ರಾಜ್ಯ ತಿದ್ದುಪಡಿ ಮತ್ತು 2005ರ ಕೇಂದ್ರ ತಿದ್ದುಪಡಿಗಳ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳ ಹಕ್ಕು ಗಟ್ಟಿಯಾಗಿದೆ, ಆಗಬೇಕಾದದ್ದೇ. ಮನೆಯ ಮೇಲೆ ಖರ್ಚು ಮಾಡಿದವನು ಮಾತ್ರ ಯಾವ ಕಾಗದವೂ ಇಲ್ಲದೆ ನಿಂತಿರುತ್ತಾನೆ. ಎರಡು, ಊರ ಹೊರಗಿನ ಗುಂಟಾ ಪ್ಲಾಟಿನಲ್ಲಿ. ಉತಾರದಲ್ಲಿ ಇನ್ನೂ ಕೃಷಿ ಜಮೀನು, ಬಿನ್‌ಶೇತ್ಕಿ (ಕೃಷಿಯೇತರ) ಆಗಿಲ್ಲ, ಪಂಚಾಯಿತಿಯ ಇ-ಸ್ವತ್ತಿನಲ್ಲಿ ಆಸ್ತಿ ದಾಖಲೆಯಾದ ಫಾರ್ಮ್ 9 ಹೊರಡುವುದಿಲ್ಲ. ರಾಜ್ಯದ ಭೂಸುಧಾರಣೆ ಕಾನೂನು 2020ರಲ್ಲಿ ಸಡಿಲವಾದರೂ ವಿದೇಶದಲ್ಲಿ ನೆಲೆಸಿದವರು ಕೃಷಿ ಜಮೀನು ಕೊಳ್ಳುವಂತಿಲ್ಲ ಎಂಬ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ಹಾಗೇ ಇದೆ, ವಾರಸುದಾರಿಕೆಯಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಅದಕ್ಕೆಂದೇ ಮಾವನ ಹೆಸರಿನಲ್ಲೋ ತಮ್ಮನ ಹೆಸರಿನಲ್ಲೋ ಖರೀದಿ ಮಾಡುತ್ತಾರೆ. ಇಪ್ಪತ್ತು ವರ್ಷದ ಮೇಲೆ ಆಸ್ತಿಯೂ ಆ ಹೆಸರಿನವರದೇ ಆಗಿಬಿಡುತ್ತದೆ. ಅಮೆರಿಕದಲ್ಲಿ ಅರ್ಧ ತೆರಿಗೆ ದಂಡಕ್ಕೆ ಹೋದದ್ದು, ಉಳಿದರ್ಧ ಇನ್ನೊಬ್ಬರ ಹೆಸರಿಗೆ.

ಹಾಗಾದರೆ ಎಂದೂ ತೆಗೆಯಬಾರದೆ? ತೆಗೆಯಬಹುದಾದ ಸಂದರ್ಭಗಳಿವೆ. ಆಸ್ಟ್ರೇಲಿಯಾದಿಂದ ತಾತ್ಕಾಲಿಕ ವೀಸಾ ಮುಗಿಸಿ ಮರಳುವವನಿಗೆ ಸೂಪರ್ ಎಂಬ ನಿವೃತ್ತಿ ಹಣವನ್ನು, ಸಾಮಾನ್ಯವಾಗಿ ಶೇ 35 ತೆರಿಗೆ ಕೊಟ್ಟು, ತೆಗೆಯುವುದೇ ದಾರಿ, ಬಿಟ್ಟರೆ ಆರು ತಿಂಗಳ ನಂತರ ಅದು ಅಲ್ಲಿನ ತೆರಿಗೆ ಇಲಾಖೆಯ ವಶಕ್ಕೆ ಹೋಗುತ್ತದೆ. ಗಲ್ಫಿನಲ್ಲಿ ದುಡಿದವರ ಗ್ರಾಚ್ಯುಟಿ ಕೆಲಸ ಬಿಟ್ಟಾಗ ತಾನಾಗಿಯೇ ಕೈಗೆ ಬರುತ್ತದೆ, ಅಲ್ಲಿ ದಂಡದ ಪ್ರಶ್ನೆಯೇ ಇಲ್ಲ. ಅಮೆರಿಕದಲ್ಲಿ ದುಡಿದವನೂ, ಗಂಟು ಚಿಕ್ಕದಿದ್ದು ವಾಪಸಾತಿ ಖಚಿತವಾಗಿದ್ದರೆ, ಸಂಬಳದ ವರ್ಷಗಳು ಮುಗಿಯಲಿ ಎಂದು ಕಾದು ತೆಗೆಯಬಹುದು. ಬಹಳ ವರ್ಷ ಹೊರಗಿದ್ದು ಮರಳಿದವರಿಗೆ ಮೊದಲ ಎರಡು ಮೂರು ವರ್ಷ ಆರ್‌ಎನ್‌ಒಆರ್ ಎಂಬ ನಡುವಿನ ಸ್ಥಾನಮಾನವಿರುತ್ತದೆ, ಆಗ ಇಂಥ ವಿದೇಶಿ ಆದಾಯಕ್ಕೆ ಇಲ್ಲಿ ತೆರಿಗೆಯಿಲ್ಲ. ಆದರೆ ಅಮೆರಿಕದ ಲೆಕ್ಕದಲ್ಲಿ ಅನಿವಾಸಿಯಾದವನ ಹಣದಿಂದ ಆ ದೇಶ ಸಾಮಾನ್ಯವಾಗಿ ಶೇ 30 ಮುರಿದುಕೊಳ್ಳುತ್ತದೆ. 1989ರ ಭಾರತ-ಅಮೆರಿಕ ತೆರಿಗೆ ಒಪ್ಪಂದ ಪಿಂಚಣಿ ಎಂದು ಗುರುತಿಸುವುದು ಕಾಲಕಾಲಕ್ಕೆ ಬರುವ ಪಾವತಿಯನ್ನು, ಆದ್ದರಿಂದ ಒಂದೇ ಗಂಟಿನಲ್ಲಿ ತೆಗೆದವನು ಅದರ ರಕ್ಷಣೆ ತನಗುಂಟೆಂದು ನಂಬಿ ಕೂರುವಂತಿಲ್ಲ. ಐವತ್ತೈದು ತುಂಬುವ ವರ್ಷದಲ್ಲೋ ಆಮೇಲೋ ಕಂಪನಿ ಬಿಟ್ಟವನಿಗೆ ಆ ಕಂಪನಿಯ ಯೋಜನೆಯಿಂದ ತೆಗೆಯುವಾಗ ಶೇ 10ರ ದಂಡವಿಲ್ಲ. ಈ ಯಾವ ಲೆಕ್ಕವೂ ಮೂವತ್ತೈದರ ಹುಡುಗ ಪೂರ್ತಿ ಸಂಬಳದ ವರ್ಷದಲ್ಲಿ ಗಂಟು ಒಡೆಯುವುದನ್ನು ಸಮರ್ಥಿಸುವುದಿಲ್ಲ.

ಕೊನೆಗೆ ಉಳಿಯುವ ಆಕ್ಷೇಪ ಲೆಕ್ಕದ್ದಲ್ಲ, ಕರುಳಿನದು. ಅಪ್ಪ ಅವ್ವ ಸೋರುವ ಹಂಚಿನ ಮನೆಯಲ್ಲಿದ್ದಾರೆ, ಅವರು ಇರುವಾಗಲೇ ಒಳ್ಳೆಯ ಮನೆಯಲ್ಲಿ ಕೂಡಿಸಬೇಕು ಎಂಬ ಮಾತಿಗೆ ನಾನು ತಲೆಬಾಗುತ್ತೇನೆ. ಮುಂದಿನ ಮೂವತ್ತು ವರ್ಷದ ಲೆಕ್ಕ ಹೇಳಿ ಅವರನ್ನು ಕಾಯಿಸುವುದು ತಪ್ಪು. ಆದರೆ ಅವರಿಗೆ ಬೇಕಾದದ್ದು ಏನು ಎಂದು ಅವರನ್ನೇ ಕೇಳಿದರೆ ಉತ್ತರ ಸಾಮಾನ್ಯವಾಗಿ ಚಿಕ್ಕದು: ಮೇಲೆ ಸ್ಲ್ಯಾಬು, ಒಳಗೇ ಪಾಯಖಾನೆ, ಮೊಣಕಾಲು ನೋವಿಗೆ ಮೆಟ್ಟಿಲಿಲ್ಲದ ಒಂದು ಕೋಣೆ. ಇಷ್ಟಕ್ಕೆ ಸಂಬಳದ ಉಳಿತಾಯ ಸಾಕು, ಸಾಲದಿದ್ದರೆ ಬ್ಯಾಂಕಿನ ಗೃಹಸಾಲವಿದೆ. ದೊಡ್ಡ ಮನೆ ಬೇಕೆನಿಸಿದರೆ ಅದನ್ನೂ ಸಾಲದಲ್ಲೇ ಕಟ್ಟಲಿ. ಶೇ 8-9ರ ಬಡ್ಡಿಯ ಸಾಲವನ್ನು ಹೊರೆ ಎನ್ನುವವರು, ನೂರಕ್ಕೆ 46ನ್ನು ಒಂದೇ ಏಟಿಗೆ ಕಳೆಯುವುದನ್ನು ಉಳಿತಾಯ ಎಂದು ಹೇಗೆ ಕರೆದಾರು? ಸಾಲದ ಕಂತು ದುಡಿಯುವ ವಯಸ್ಸಿನಲ್ಲಿ ದುಡಿಮೆಯಿಂದ ಹೋಗುತ್ತದೆ. ನಿವೃತ್ತಿಯ ಗಂಟಿನಿಂದ ಹೋದದ್ದನ್ನು ಎಪ್ಪತ್ತರ ವಯಸ್ಸಿನಲ್ಲಿ, ಯಾವ ಬ್ಯಾಂಕೂ ಸಾಲ ಕೊಡದ ಕಾಲದಲ್ಲಿ, ಅವನು ತನ್ನ ಮಕ್ಕಳನ್ನು ಕೇಳಬೇಕಾಗುತ್ತದೆ.